ಒಂದು ತಾಸಿನ ಹಾರಾಟ, ಅರ್ಧ ಹಗಲಿನ ಪಯಣ

ಹರದಾರಿಯ ಲೆಕ್ಕ ಹೋಗಿ ಮೈಲಿ ಬಂದಿತು. ಮೈಲಿ ಹೋಗಿ ಕಿಲೋಮೀಟರು ಬಂದಿತು. ಈಗ ಅದೂ ಹಿಂದೆ ಸರಿದಿದೆ. ಹುಬ್ಬಳ್ಳಿಯಿಂದ ಬೆಂಗಳೂರು ಎಷ್ಟು ದೂರವೆಂದು ಕೇಳಿದರೆ ‘ವಿಮಾನದಲ್ಲಿ ಒಂದು ತಾಸು’ ಎಂಬ ಉತ್ತರ ದೊರೆಯುತ್ತದೆ. ಉತ್ತರ ಸುಳ್ಳಲ್ಲ, ಆದರೆ ಅದು ಯಾರ ಮನೆಯಿಂದ ಯಾರ ಮನೆಗೆ ಎಂಬುದನ್ನು ತಿಳಿಸುವುದಿಲ್ಲ.

ಎರಡೂ ಕಡೆಯ ವಿಮಾನ ನಿಲ್ದಾಣಗಳ ನಡುವಿನ ನೇರ ದೂರ ಸುಮಾರು ೩೭೦ ಕಿಲೋಮೀಟರು. ಊರಿಂದೂರಿಗೆ ರಸ್ತೆಯಲ್ಲಿ ಹೋದರೆ ೪೧೦ರಷ್ಟು, ರೈಲಿನಲ್ಲಿ ೪೭೦ರ ಸಮೀಪ. ತಾಸಿಗೆ ೫೦೦ ಕಿಲೋಮೀಟರು ಸಾಗಬಲ್ಲ ವಿಮಾನಕ್ಕೆ ಮುಕ್ಕಾಲು ತಾಸು ಸಾಲದೆ ಎಂದು ವಾಚಕರು ಕೇಳಬಹುದು. ವೇಳಾಪಟ್ಟಿಯ ಗಡಿಯಾರವು ವಿಮಾನ ತನ್ನ ನೆಲೆಯನ್ನು ಬಿಟ್ಟ ಕ್ಷಣದಿಂದ ಇನ್ನೊಂದು ನೆಲೆಯಲ್ಲಿ ನಿಲ್ಲುವ ತನಕ ಓಡುತ್ತದೆ. ನೆಲದ ಮೇಲಿನ ನಿಧಾನದ ಓಟ, ಏರುವಿಕೆ, ಇಳಿಯುವ ಸರದಿಗಾಗಿ ಕಾಯುವಿಕೆ ಎಲ್ಲವೂ ಆ ತಾಸಿನೊಳಗೇ ಅಡಗಿರುತ್ತವೆ.

ಇನ್ನು ಕುಂದಗೋಳದ ಒಂದು ಮನೆಯನ್ನು ಕಲ್ಪಿಸಿಕೊಳ್ಳಿರಿ. ಜಯನಗರದಲ್ಲಿರುವ ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆಯ ನೋವು ಕಾಣಿಸಿಕೊಂಡಿದೆಯೆಂದು ಮುಂಜಾನೆ ಸುದ್ದಿ ಬಂದಿದೆ. ತಾಯಿ ಉಟ್ಟ ಸೀರೆಯಲ್ಲೇ ಹೊರಡಬೇಕು. ಬೆಂಗಳೂರಿನ ರೈಲುಮಾರ್ಗ ಊರನ್ನು ಮುಟ್ಟಿಯೇ ಹೋಗುತ್ತದೆ. ಆದರೆ ೨೦೨೩ರ ಜೂನ್ ತಿಂಗಳಲ್ಲಿ ಆರಂಭವಾದ ವಂದೇ ಭಾರತ್ ಅಲ್ಲಿ ನಿಲ್ಲುವುದಿಲ್ಲ. ಬೆಂಗಳೂರಿಗೆ ಬೆನ್ನು ಮಾಡಿ ಇಪ್ಪತ್ತು ಕಿಲೋಮೀಟರು ಹುಬ್ಬಳ್ಳಿಗೆ ಹೋಗಿ ಏರಿದರೆ, ಮುಂದೆ ಆರು ತಾಸಿನ ದಾರಿ.

ವಿಮಾನವನ್ನೇ ನೆಚ್ಚಿದರೂ ಮೊದಲು ಹುಬ್ಬಳ್ಳಿಗೇ ಬರಬೇಕು. ನಿಲ್ದಾಣ ತಲುಪಲು ಒಂದು ತಾಸು, ಅಲ್ಲಿ ಮುಂಚಿತವಾಗಿ ಕಾಯಲು ಒಂದೂವರೆ, ಹಾರಾಟಕ್ಕೆ ಒಂದು, ದೇವನಹಳ್ಳಿಯಲ್ಲಿಳಿದು ಬೆಂಗಳೂರನ್ನು ಉದ್ದಕ್ಕೂ ದಾಟಲು ಎರಡು. ಒಟ್ಟು ಐದೂವರೆ ತಾಸು. ಅದೂ ಹೋದೊಡನೆ ವಿಮಾನವೂ ಆಸನವೂ ಸಿಕ್ಕರೆ; ಮುಂದಿನ ವಿಮಾನ ಸಂಜೆಗಿದ್ದರೆ ಲೆಕ್ಕವೆಲ್ಲ ತಲೆಕೆಳಗು. ನವಲಗುಂದ, ಅಣ್ಣಿಗೇರಿ, ಕಲಘಟಗಿಯವರಿಗೆ ಹುಬ್ಬಳ್ಳಿಯೇ ೩೦ರಿಂದ ೪೦ ಕಿಲೋಮೀಟರು.

ಇಷ್ಟೇ ಅಂತರದ ಇನ್ನೊಂದು ಜೋಡಿ ನಗರಗಳು ದಕ್ಷಿಣ ಅಮೆರಿಕದಲ್ಲಿವೆ. ಬ್ರೆಜಿಲಿನ ರಿಯೊ ಡಿ ಜನೈರೊ ಮತ್ತು ಸಾವೊ ಪಾಲೊಗಳ ನಡುವೆ ಆಕಾಶಮಾರ್ಗ ಸುಮಾರು ೩೬೫ ಕಿಲೋಮೀಟರು, ರಸ್ತೆ ೪೩೦ರಷ್ಟು. ಅಲ್ಲಿ ೧೯೫೯ರಲ್ಲಿ ಮೂರು ವಿಮಾನ ಸಂಸ್ಥೆಗಳು ಕೈಗೂಡಿಸಿ ‘ವಾಯುಸೇತುವೆ’ಯೊಂದನ್ನು ಕಟ್ಟಿದವು. ಒಂದು ಸಂಸ್ಥೆಯ ಚೀಟಿ ಹಿಡಿದವನು ಮತ್ತೊಂದರ ವಿಮಾನವನ್ನೂ ಏರಬಹುದಾಗಿತ್ತು. ಮೊದಲು ಹೊರಡುವುದೇ ಅವನ ವಿಮಾನ. ಆ ಸೇವೆಯ ಎರಡು ನಿಲ್ದಾಣಗಳೂ ನಗರಗಳ ಒಳಗೇ ಇವೆ. ವಿಮಾನದ ವೇಗ ಹೆಚ್ಚಲಿಲ್ಲ. ಕಾಯುವ ಹೊತ್ತು ಇಳಿಯಿತು.

ಹುಬ್ಬಳ್ಳಿಯಲ್ಲಿ ೨೦೧೭ರ ಡಿಸೆಂಬರಿನಲ್ಲಿ ಹೊಸ ನಿಲ್ದಾಣದ ಕಟ್ಟಡ ತೆರೆಯಿತು. ಮರುವರ್ಷ ಉಡಾನ್ ಯೋಜನೆಯ ವಿಮಾನಗಳೂ ಬಂದವು. ಅದು ಸಣ್ಣ ಉಪಕಾರವಲ್ಲ. ಆದರೆ ಕುಂದಗೋಳದ ತಾಯಿಗೆ ಬೇಕಾದುದು ಇನ್ನೂ ವೇಗದ ವಿಮಾನವಲ್ಲ. ಬೆಳಗಿನ ಜಾವ ಊರ ಮುಂದೆ ಸಿದ್ಧವಾಗಿ ನಿಂತ ಒಂದು ಬಸ್ಸು, ತಪ್ಪಿದರೆ ಬೆನ್ನಿಗೇ ಬರುವ ಇನ್ನೊಂದು ವಿಮಾನ, ದೇವನಹಳ್ಳಿಯಿಂದ ತಡವಿಲ್ಲದ ದಾರಿ. ಅವಳ ಗಡಿಯಾರ ಓಡತೊಡಗುವುದು ವಿಮಾನ ಕದಲಿದಾಗಲ್ಲ, ಮನೆಯ ಹೊಸ್ತಿಲು ದಾಟಿದಾಗ. ನಿಲ್ಲುವುದು ಮಗಳ ಕೈ ಹಿಡಿದಾಗ.