ದೊಡ್ಡ ಹಡಗಿಗೆ ಮಾತ್ರ ಯಾಕೆ ಸ್ವಾಮಿ ರಿಯಾಯಿತಿ?

ಚಳಿಗಾಲದ ಫ್ಲೋಮ್ ಅಂದ್ರೆ ಫೋಟೋದಲ್ಲಿ ಹಿಮ, ಪುಟ್ಟ ರೈಲು, ಫ್ಯೋರ್ಡಿನ ಕಪ್ಪು ನೀರು. ಫೋಟೋಗೆ ಸಿಗದ್ದು ಹೊಗೆ. ನಾರ್ವೆಯ ಈ ಹಳ್ಳಿಯಲ್ಲಿರೋದು ಸುಮಾರು 350 ಜನ. ನಮ್ಮ ಕ್ರೂಸ್ ಹಡಗು ಬೆಳಿಗ್ಗೆ ಅಲ್ಲಿ ಸಾವಿರಾರು ಜನರನ್ನ ಇಳಿಸಿತು. ದಿನವಿಡೀ ನಿಂತಲ್ಲೇ ನಿಂತಿದ್ದರೂ ಎಂಜಿನ್ ಆಫ್ ಆಗಲಿಲ್ಲ. ದೀಪ, ಹೀಟರ್, ಅಡುಗೆಮನೆ ಎಲ್ಲಕ್ಕೂ ಅದರದ್ದೇ ಕರೆಂಟು. ಎರಡೂ ಕಡೆ ಕಡಿದಾದ ಬೆಟ್ಟ. ಚಳಿಗಾಲದಲ್ಲಿ ತಣ್ಣನೆ ಗಾಳಿ ಕೆಳಗೆ, ಬೆಚ್ಚನೆ ಗಾಳಿ ಮೇಲೆ ಮುಚ್ಚಳದ ಹಾಗೆ ಕೂತುಬಿಟ್ಟರೆ ಹೊಗೆ ಹೋಗೋದಾದ್ರೂ ಎಲ್ಲಿಗೆ?

ಕಾನೂನಿಲ್ವಾ ಅಂತೀರಾ? ಇದೆಯಲ್ಲ! ವಿಶ್ವ ಪರಂಪರೆಯ ಫ್ಯೋರ್ಡ್‌ಗಳಲ್ಲಿ 2026ರೊಳಗೆ ಹಡಗುಗಳ ಹೊಗೆ ನಿಲ್ಲಬೇಕು ಅಂತ ನಾರ್ವೆಯ ಸಂಸತ್ತು 2018ರಲ್ಲೇ ಹೇಳಿತ್ತು. ಕೊನೆಗೆ ಆದದ್ದು? 10,000 ಗ್ರಾಸ್ ಟನೇಜ್‌ಗಿಂತ ಚಿಕ್ಕವಕ್ಕೆ 2026, ದೊಡ್ಡವಕ್ಕೆ 2032. (ನಮ್ಮ ಪ್ರಾಜೆಕ್ಟಿನ ಡೆಡ್‌ಲೈನನ್ನೂ ಹೀಗೇ ಯಾರಾದ್ರೂ ಆರು ವರ್ಷ ತಳ್ಳಬಾರದಾ...)

ತಂತ್ರಜ್ಞಾನ ಇನ್ನೂ ತಯಾರಿಲ್ಲವಂತೆ. ಹಾಗಾದ್ರೆ ಹೊರಗೇ ನಿಲ್ಲಲಿ. ಬರ್ಗೆನ್ ಬಂದರಿನಲ್ಲಿ 2020ರಿಂದ ಕ್ರೂಸ್ ಹಡಗುಗಳಿಗೆ ದಡದಿಂದಲೇ ಕರೆಂಟು ಕೊಡ್ತಾರೆ. ಅಲ್ಲಿಳಿದು ರೈಲಲ್ಲಿ ವೋಸ್, ಬಸ್ಸಲ್ಲಿ ಗುಡ್ವಾಂಗೆನ್, ಅಲ್ಲಿಂದ ನೀರಿನ ಮೇಲೆ ಫ್ಲೋಮ್. ಒಂದೇ ದಿನದಲ್ಲಿ ಹೋಗಿ ಬರಬಹುದು. ಆ ಕೊನೆಯ ದಾರಿಯಲ್ಲಿ 2018ರಲ್ಲೇ 400 ಜನ ಹಿಡಿಸೋ, ಪೂರ್ತಿ ಬ್ಯಾಟರಿಯ ದೋಣಿ ನೀರಿಗಿಳಿದಿದೆ. ಹೊಗೆಯಿಲ್ಲ, ಎಂಜಿನ್ ಗಲಾಟೆಯಿಲ್ಲ.

"ಅಷ್ಟೆಲ್ಲ ಯಾರ್ರೀ ಹತ್ತಿ ಇಳೀತಾರೆ, ಬಾಲ್ಕನಿಯಿಂದಲೇ ಕಾಣ್ಬೇಕು" ಅನ್ನೋರು ನಮ್ಮ ಹಡಗಲ್ಲೂ ಇದ್ರು. ಇವರ ಬಾಲ್ಕನಿಗಾಗಿ ಆ ಊರಿನವರು 2032ರವರೆಗೆ ಹೊಗೆ ಕುಡೀಬೇಕಾ? ದುಡ್ಡು ಕೊಟ್ಟು ಹತ್ತೋರು ನಾವು. ಟಿಕೆಟ್ ತಗೊಳ್ಳೋ ಮುಂಚೆ ಕೇಳಿ: ಹಡಗು ಎಲ್ಲಿ ನಿಲ್ಲುತ್ತೆ, ಅಲ್ಲಿ ಎಂಜಿನ್ ಆಫ್ ಮಾಡ್ತೀರಾ ಇಲ್ವಾ?