ಹಡಗಿನ ಜಾಡು ಸಿಗುತ್ತದೆ, ಸರಕಿನದ್ದು?

ಅರಬ್ಬಿ ಸಮುದ್ರದಲ್ಲಿ ಯಾವ ಸರಕು ಹಡಗು ಎಷ್ಟು ವೇಗದಲ್ಲಿ ಎತ್ತ ಸಾಗುತ್ತಿದೆ ಎಂಬುದನ್ನು ಇಂದು ಮೊಬೈಲ್‌ನಲ್ಲೇ ನೋಡಬಹುದು. ಇದು ಎಐಎಸ್ ತಂತ್ರಜ್ಞಾನದ ಕೊಡುಗೆ. ಹಡಗು ತನ್ನ ಗುರುತು, ಸ್ಥಾನ, ವೇಗವನ್ನು ರೇಡಿಯೊ ಮೂಲಕ ಬಿತ್ತರಿಸುತ್ತಲೇ ಇರುತ್ತದೆ. ದಡದ ಕೇಂದ್ರಗಳು, ಉಪಗ್ರಹಗಳು ಅದನ್ನು ಹಿಡಿಯುತ್ತವೆ. ಹೆಸರು, ಧ್ವಜ, ಮಾಲೀಕರು ಬದಲಾದರೂ ಏಳಂಕಿಯ ಐಎಂಒ ಸಂಖ್ಯೆ ಬದಲಾಗದು. ಅದೊಂದಿದ್ದರೆ ಹಡಗಿನ ಜಾತಕವೇ ಸಿಕ್ಕಂತೆ.

ಆದರೆ ಒಳಗೇನಿದೆ ಎಂಬುದು ಅಲ್ಲಿ ಕಾಣುವುದಿಲ್ಲ. 2025ರ ಮೇ 25ರಂದು ಕೊಚ್ಚಿ ಬಳಿ ‘ಎಂಎಸ್‌ಸಿ ಎಲ್ಸಾ 3’ ಮುಳುಗಿತು. 24 ಸಿಬ್ಬಂದಿಯೂ ಪಾರಾದರು. ಹಡಗಿನಲ್ಲಿದ್ದ 640 ಕಂಟೇನರ್‌ಗಳ ಪೈಕಿ 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ನೀರು ತಾಗಿದರೆ ಅದು ಉರಿಯುವ ಅಸಿಟಿಲೀನ್ ಅನಿಲ ಬಿಡುತ್ತದೆ. ತಿರುವನಂತಪುರದ ಕಡಲತೀರಕ್ಕೂ ಪ್ಲಾಸ್ಟಿಕ್ ಕಾಳುಗಳು ತೇಲಿಬಂದವು. ಸರಕಿನ ವಿವರ ಬಹಿರಂಗಪಡಿಸಿ ಎಂದು ಕೇರಳ ಹೈಕೋರ್ಟ್ ಹೇಳಬೇಕಾಯಿತು.

ವ್ಯಾಪಾರದ ಗುಟ್ಟು, ಕಳ್ಳತನದ ಭಯ ಇರುವಾಗ ಎಲ್ಲ ಸರಕಿನ ಪಟ್ಟಿಯನ್ನೂ ಸದಾ ತೆರೆದಿಡಲಾಗದು, ಒಪ್ಪುತ್ತೇನೆ. ಆದರೆ ಅವಘಡ ಸಂಭವಿಸಿದ ಕೂಡಲೇ ಅಪಾಯಕಾರಿ ಸರಕಿನ ಪಟ್ಟಿಯಾದರೂ ಹೊರಬರಬೇಕು. ತೇಲಿಬಂದ ಪೆಟ್ಟಿಗೆಯನ್ನು ಮೊದಲು ಕಾಣುವವರು ಮೀನುಗಾರರು. ಎಚ್ಚರಿಕೆ ಅವರ ಮೊಬೈಲ್‌ಗೆ, ಅವರ ಭಾಷೆಯಲ್ಲೇ ತಲುಪಬೇಕು. ಮಂಗಳೂರು, ಮಲ್ಪೆ, ಕಾರವಾರದವರಿಗೂ ಇದು ಬೇಕು.

ಇದಕ್ಕೆ ಹೊಸ ಆವಿಷ್ಕಾರವೇನೂ ಬೇಡ. ಸರಕಿನ ಪಟ್ಟಿ ಕಂಪನಿ, ಬಂದರುಗಳ ಬಳಿ ಇದ್ದೇ ಇರುತ್ತದೆ. ಎಂಜಿನಿಯರಿಂಗ್ ಓದುತ್ತಿರುವ ನಮ್ಮಂಥವರು ಇಂಥದ್ದೊಂದು ಆ್ಯಪ್ ಅನ್ನು ಫೈನಲ್ ಇಯರ್ ಪ್ರಾಜೆಕ್ಟ್‌ನಲ್ಲೇ ಕಟ್ಟಬಲ್ಲೆವು. ಮಾಹಿತಿ ಕೊಡಲೇಬೇಕೆಂಬ ನಿಯಮವನ್ನು ಸರ್ಕಾರವೇ ತರಬೇಕು.