ಅಜ್ಜಿಗೂ ಒಂದು ಹಟ

ಅಜ್ಜಿ-ತಾತಂದಿರ ನೆನಪಿನ ಪುಸ್ತಕ ಕೈಗೆ ಬಂದರೆ ನಾನು ಮೊದಲು ನೋಡುವುದು, ಆ ಅಜ್ಜಿಗೆ ಎಲ್ಲಾದರೂ ಕೋಪ ಬರುತ್ತದೆಯೇ ಎಂದು. ಬಹುಪಾಲು ಬರುವುದಿಲ್ಲ. ಕೈತುತ್ತು, ಹಪ್ಪಳ, ಕಥೆ, ಆಶೀರ್ವಾದ, ಅಲ್ಲಿಗೆ ಮುಗಿಯಿತು. ಸುಧಾ ಮೂರ್ತಿಯವರು ಅಜ್ಜಿಗೆ ಓದು ಕಲಿಸಿದ ಪ್ರಸಂಗ ಇವುಗಳ ನಡುವೆ ಎದ್ದು ನಿಲ್ಲುವುದು ಆ ಅಜ್ಜಿಗೆ ತನ್ನದೇ ಒಂದು ಹಟ ಇರುವುದರಿಂದ. 'ಕರ್ಮವೀರ'ದಲ್ಲಿ ತ್ರಿವೇಣಿಯವರ 'ಕಾಶೀಯಾತ್ರೆ' ಧಾರಾವಾಹಿಯಾಗಿ ಬರುತ್ತಿದೆ. ಓದಿ ಹೇಳುವ ಮೊಮ್ಮಗಳು ಮದುವೆಗೆ ಹೋಗಿದ್ದಾಳೆ. ಪತ್ರಿಕೆ ಕೈಯಲ್ಲೇ ಇದೆ, ಅಕ್ಷರ ಬಾರದು, ಬೇರೆಯವರನ್ನು ಕೇಳಲು ಸಂಕೋಚ. 62ರ ವಯಸ್ಸಿನಲ್ಲಿ ಆಕೆ ದಸರೆಯೊಳಗೆ ಕಲಿಯುವ ಪಣ ತೊಡುತ್ತಾರೆ. ಇಷ್ಟು ಭಾಗ ಅಪ್ಪಟ. ಕೊನೆಗೆ ಗುರುವೆಂದು ಮೊಮ್ಮಗಳ ಕಾಲು ಮುಟ್ಟುವ ದೃಶ್ಯ ಮಾತ್ರ ಪಠ್ಯಪುಸ್ತಕಕ್ಕೆ ಹೊಂದುವಷ್ಟು ಅಚ್ಚುಕಟ್ಟು. ನಡೆದದ್ದೇ ಇರಬಹುದು, ಆದರೆ ಕಾದಂಬರಿಯನ್ನು ತಾನೇ ಓದಿದ ಮೇಲೆ ಅಜ್ಜಿ ಏನಂದರು ಎಂಬುದನ್ನು ಕೇಳುವ ಆಸೆ ನನ್ನದು. ಇಂಥ ಅಚ್ಚುಕಟ್ಟು ಕಂಡಾಗ ನೆನಪಾಗುವವರು ನಮ್ಮ ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರು. ಅವರು ನೆನಪುಗಳನ್ನೇ ಬರೆದು, 'ಚಿತ್ರಗಳು-ಪತ್ರಗಳು' ಕೃತಿಗೆ 1979ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ತೊಂಬತ್ತು ದಾಟಿದ ಮೇಲೆ 'ದೇವರು' ಬರೆದು ದೇವರನ್ನೇ ಪ್ರಶ್ನಿಸಿದ ಮನುಷ್ಯ, ಮನುಷ್ಯರನ್ನು ದೇವರಾಗಿಸುವ ಬರಹಕ್ಕೆ ತಲೆದೂಗುತ್ತಿದ್ದರೆಂದು ನನಗನ್ನಿಸದು. ಅಜ್ಜಿಯ ಬಗ್ಗೆ ಪುಸ್ತಕ ಮಾಡಲು ಹೊರಟವರು ಅಚ್ಚಿಗೆ ಕೊಡುವ ಮುನ್ನ 'ಚಿತ್ರಗಳು-ಪತ್ರಗಳು' ಒಮ್ಮೆ ಓದಿ.